ಮನೆಗೆ ತಕ್ಕ ಹಾಳೆಗಳು: ಮುದ್ರಿಸಿ ಬಳಸಿದ ನನ್ನ ಅನುಭವ

ಮನೆಯ ಲೆಕ್ಕ, ಶಾಲೆಯ ಸೂಚನೆ, ಮಕ್ಕಳ ಆಟ, ಈ ಮೂರಕ್ಕೂ ನಾನು ಕೆಲವು ವರ್ಷಗಳಿಂದ ಮುದ್ರಿತ ಹಾಳೆಗಳನ್ನೇ ನೆಚ್ಚಿಕೊಂಡಿದ್ದೇನೆ. ಫೋನಿನಲ್ಲಿ ಬರೆದಿಟ್ಟದ್ದು ಬರೆದವರ ಕಣ್ಣಿಗೆ ಮಾತ್ರ ಬೀಳುತ್ತದೆ. ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಹಾಳೆ ಅತ್ತೆಯವರಿಗೂ, ಯಜಮಾನರಿಗೂ, ಶಾಲೆಗೆ ಹೋಗುವ ಮಗಳಿಗೂ, ಇನ್ನೂ ಓದಲು ಬಾರದ ಮಗನಿಗೂ ಕಾಣುತ್ತದೆ. ಅಂತರ್ಜಾಲದಲ್ಲಿ ಸಿದ್ಧ ಹಾಳೆಗಳು ಹೇರಳವಾಗಿ, ಬಹಳಷ್ಟು ಉಚಿತವಾಗಿಯೇ ಸಿಗುತ್ತವೆ. ಆದರೂ ನಮ್ಮ ಗೋಡೆಯ ಮೇಲೆ ಉಳಿದುಕೊಂಡದ್ದು ನಮ್ಮ ದಿನಚರಿಯನ್ನು ನೋಡಿ ನಾವೇ ಗೆರೆ ಎಳೆದು ಸಿದ್ಧಪಡಿಸಿದವು ಮಾತ್ರ.

ಸಿದ್ಧ ಹಾಳೆಗಳಲ್ಲಿ ಅನೇಕವು ಅಮೆರಿಕದ ಲೆಟರ್ ಅಳತೆಯಲ್ಲಿ, ಅಂದರೆ ಸುಮಾರು 216 ಮಿ.ಮೀ. ಅಗಲ ಮತ್ತು 279 ಮಿ.ಮೀ. ಎತ್ತರದಲ್ಲಿ ಇರುತ್ತವೆ. ನಮ್ಮಲ್ಲಿ ಸಿಗುವ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. ಹಾಗಾಗಿ ಇದ್ದ ಅಳತೆಯಲ್ಲೇ ಮುದ್ರಿಸಿದರೆ ಬದಿಗಳು ಕತ್ತರಿಸಿಹೋಗುತ್ತವೆ, ಹಾಳೆಗೆ ಹೊಂದಿಸಿ ಮುದ್ರಿಸಿದರೆ ಚೌಕಗಳ ಅಳತೆ ಕುಗ್ಗುತ್ತದೆ. ಅಳತೆಗಿಂತ ದೊಡ್ಡ ತೊಡಕು ಒಳಗಿನ ವಿಷಯದ್ದು. ಹಾಲಿನವರ ಲೆಕ್ಕ, ನೀರಿನ ಕ್ಯಾನು, ಇಸ್ತ್ರಿಗೆ ಕೊಟ್ಟ ಬಟ್ಟೆ, ಸಿಲಿಂಡರ್ ಬದಲಿಸಿದ ದಿನಾಂಕ, ಮಗಳು ಬಿಳಿ ಸಮವಸ್ತ್ರ ತೊಡಬೇಕಾದ ದಿನ, ಇವುಗಳಿಗೆ ಅಲ್ಲಿ ಜಾಗವೇ ಇರುವುದಿಲ್ಲ.

ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಕೋಷ್ಟಕ ಎಳೆಯಲು ಬಂದರೆ ಈ ಕೆಲಸಕ್ಕೆ ಸಾಕು. ಅಕ್ಷರಗಳಿಗೆ ನಾನು ಯೂನಿಕೋಡ್ ಫಾಂಟುಗಳನ್ನೇ ಬಳಸುತ್ತೇನೆ. ಲೆಕ್ಕದ ಹಾಳೆಗೆ ನೋಟೋ ಸಾನ್ಸ್ ಕನ್ನಡ ಹಿಡಿಸುತ್ತದೆ. ಮಕ್ಕಳ ಹಾಳೆಗೆ ದುಂಡಗೆ ದಪ್ಪಗಿರುವ ಬಾಲೂ ತಮ್ಮ ಚೆನ್ನಾಗಿ ಒಪ್ಪುತ್ತದೆ. ಎರಡೂ ಉಚಿತ. ಮುದ್ರಣಕ್ಕೆ ಹೊರಗೆ ಕೊಡುವುದಾದರೆ ಕಡತವನ್ನು ಮನೆಯಲ್ಲೇ ಪಿಡಿಎಫ್ ಮಾಡಿಕೊಂಡು ಒಯ್ಯಬೇಕು. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ಅಕ್ಷರಗಳ ರೂಪವೂ ಸಾಲುಗಳ ಜೋಡಣೆಯೂ ಬದಲಾಗಿ, ಒಂದೇ ಪುಟದ್ದು ಎರಡು ಪುಟಕ್ಕೆ ಹರಡಿಕೊಳ್ಳುತ್ತದೆ.

ವಾರದ ಹಾಳೆಯಲ್ಲಿ ಏಳು ದಿನಗಳಿಗೆ ಏಳು ಕಂಬಸಾಲು, ಸಮವಸ್ತ್ರ, ಡಬ್ಬಿ, ಸಂಜೆಯ ಕ್ಲಾಸು ಮತ್ತು ತರಬೇಕಾದ ಸಾಮಾನು ಎಂಬ ನಾಲ್ಕು ಅಡ್ಡಸಾಲು ಇವೆ. ಅದನ್ನು ಲ್ಯಾಮಿನೇಟ್ ಮಾಡಿಸಿ, ವೈಟ್‌ಬೋರ್ಡ್ ಮಾರ್ಕರಿನಲ್ಲಿ ಬರೆದು, ಭಾನುವಾರ ರಾತ್ರಿ ಒರೆಸಿ ಮತ್ತೆ ಬರೆಯುತ್ತೇವೆ. ಹಾಲಿನ ಹಾಳೆಗೆ ಮಾತ್ರ ಲ್ಯಾಮಿನೇಷನ್ ಕೂಡದು, ಏಕೆಂದರೆ ಬಿಲ್ಲು ಪಾವತಿಯಾಗುವವರೆಗೆ ಬರೆದದ್ದು ಅಳಿಸದೆ ಉಳಿಯಬೇಕು. ಅದರಲ್ಲಿ ತಿಂಗಳ ದಿನಗಳಿಗೆ ಒಂದೊಂದು ಚೌಕವಿದ್ದು, ಎಂದಿನಷ್ಟೇ ಹಾಲು ಬಂದ ದಿನ ಏನನ್ನೂ ಬರೆಯುವುದಿಲ್ಲ. ಹೆಚ್ಚಿಗೆ ತೆಗೆದುಕೊಂಡರೆ ಅಥವಾ ಬೇಡವೆಂದರೆ ಮಾತ್ರ ಗುರುತು ಹಾಕುತ್ತೇವೆ. ಈ ಏರ್ಪಾಡನ್ನು ಸೂಚಿಸಿದವರು ಅತ್ತೆಯವರು. ದಿನವೂ ಬರೆಯಬೇಕಾದ ಲೆಕ್ಕವನ್ನು ಯಾರೂ ತಿಂಗಳ ಕೊನೆಯವರೆಗೆ ಬರೆಯುವುದಿಲ್ಲ ಎಂಬ ಅವರ ಮಾತು ನೂರಕ್ಕೆ ನೂರು ನಿಜ.

ಬೆಳಗಿನ ಕೆಲಸಗಳ ಹಾಳೆಯನ್ನು ಮಗನಿಗೆಂದು ಚಿತ್ರಗಳಲ್ಲೇ ಮಾಡಿದೆ: ಹಲ್ಲುಜ್ಜುವುದು, ಸ್ನಾನ, ದೇವರಿಗೆ ಕೈಮುಗಿಯುವುದು, ತಿಂಡಿ, ಬೂಟು. ಉದ್ದ ಪಟ್ಟಿಯ ಬದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪೊಂದನ್ನು ಸಿಕ್ಕಿಸಿ, ಒಂದು ಕೆಲಸ ಮುಗಿದ ಕೂಡಲೇ ಅವನೇ ಅದನ್ನು ಕೆಳಗಿನ ಚಿತ್ರಕ್ಕೆ ಸರಿಸುತ್ತಾನೆ. ನಕ್ಷತ್ರ, ಬಹುಮಾನ ಮುಂತಾದವನ್ನು ನಾನು ಬೇಕೆಂದೇ ಇಟ್ಟಿಲ್ಲ. ಕ್ಲಿಪ್ಪು ಸರಿಸುವುದೇ ಆ ವಯಸ್ಸಿಗೆ ಸಾಕಷ್ಟು ಸಂತೋಷ.

ಆಟದ ಹಾಳೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಚೌಕಾಬಾರ. ನನ್ನ ತವರಿನಲ್ಲಿ ಅದನ್ನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆಯುತ್ತಿದ್ದರು. ಈಗಿನ ನುಣುಪು ಟೈಲ್ಸಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಐದು ಸಾಲು, ಐದು ಕಂಬಸಾಲಿನ ಇಪ್ಪತ್ತೈದು ಮನೆಗಳಿಗೆ ತಲಾ 36 ಮಿ.ಮೀ. ಇಟ್ಟರೆ ಒಟ್ಟು 180 ಮಿ.ಮೀ. ಆಗಿ, ಎ4 ಅಗಲದಲ್ಲಿ ಎರಡೂ ಬದಿಗೆ 15 ಮಿ.ಮೀ. ಅಂಚು ಉಳಿಯುತ್ತದೆ. ನಾಲ್ಕು ಬದಿಗಳ ನಡುಮನೆಗೂ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಬೇಕು. ಇದರ ಜೊತೆಗೆ ನಾನು ತಿಳಿ ಬೂದು ಬಣ್ಣದಲ್ಲಿ ಬಾಣಗಳನ್ನೂ ಮುದ್ರಿಸಿದೆ: ಹೊರಸುತ್ತಿನ ಹದಿನಾರು ಮನೆಗಳಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ, ಒಳಸುತ್ತಿನ ಎಂಟು ಮನೆಗಳಲ್ಲಿ ಮುಳ್ಳಿನ ದಿಕ್ಕಿಗೆ. ಕಾಯಿ ಒಳಗೆ ಹೊಕ್ಕ ಮೇಲೆ ದಿಕ್ಕು ಬದಲಾಗುವುದೇ ಚಿಕ್ಕ ಮಕ್ಕಳು ತಡವರಿಸುವ ಜಾಗ, ಬಾಣವಿದ್ದರೆ ದೊಡ್ಡವರು ಪಕ್ಕದಲ್ಲಿ ಕೂತು ಹೇಳಿಕೊಡಬೇಕಾಗಿಲ್ಲ. ನಾಲ್ಕೂ ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು ಎಂಬುದನ್ನು ಕವಡೆಗಳ ಚಿತ್ರಸಹಿತ ಹಾಳೆಯ ಕೆಳಗೆ ಮುದ್ರಿಸಿದ್ದರಿಂದ ಮಗ ಎಣಿಕೆಯನ್ನೂ ಆಡುತ್ತಲೇ ಕಲಿತ.

ಅಕ್ಷರದ ಜೋಡಿ ಕಾರ್ಡುಗಳಿಗೆ ಎ4 ಹಾಳೆಯನ್ನು ಎಂಟು ಸಮಭಾಗ ಮಾಡುತ್ತೇನೆ. ಅ ಮತ್ತು ಅಳಿಲು, ಈ ಮತ್ತು ಈರುಳ್ಳಿ, ಏ ಮತ್ತು ಏಣಿ, ಒ ಮತ್ತು ಒಲೆ ಹೀಗೆ ಒಂದರಲ್ಲಿ ಅಕ್ಷರ, ಇನ್ನೊಂದರಲ್ಲಿ ಚಿತ್ರ; ಮಗುವಿನ ಕಣ್ಣಿಗೆ ದಿನವೂ ಬೀಳುವ ವಸ್ತುವನ್ನೇ ಆರಿಸಬೇಕು. ಮಗಳಿಗೆ ಬೇರೆ ಕಟ್ಟು ಮಾಡಿದ್ದೇನೆ, ಅದರಲ್ಲಿ ಮ ಮತ್ತು ವ, ಪ ಮತ್ತು ಷ, ದ ಮತ್ತು ಧ ಮುಂತಾದ ಹೋಲಿಕೆಯ ಅಕ್ಷರಗಳೇ ಇವೆ. 75 ಜಿಎಸ್‌ಎಂ (ಚದರ ಮೀಟರಿಗೆ 75 ಗ್ರಾಂ ತೂಗುವ) ಹಾಳೆ ತೆಳುವಾದ್ದರಿಂದ ಹಿಂಬದಿಯ ಬೆಳಕಿಗೆ ಅಕ್ಷರ ಕಾಣುತ್ತದೆ. ಹಳೆಯ ಲಗ್ನಪತ್ರಿಕೆಗಳ ಮೇಲೆ ಅಂಟಿಸಿದರೆ ದಪ್ಪವೂ ಆಗುತ್ತದೆ, ಖರ್ಚೂ ಇಲ್ಲ. ಇದಕ್ಕೆ ಲೇಸರ್ ಮುದ್ರಣವೇ ಬೇಕು, ಇಂಕ್‌ಜೆಟ್ ಶಾಯಿ ಅಂಟಿನ ತೇವಕ್ಕೆ ಹರಡುತ್ತದೆ.

ಪ್ರಯಾಣಕ್ಕೆ ಮಾತ್ರ ಒಂದೇ ಹಾಳೆಯ ಎಂಟು ಪುಟದ ಪುಸ್ತಕ ಮಾಡುತ್ತೇನೆ. ಹಾಳೆಯನ್ನು ಅಡ್ಡಲಾಗಿಟ್ಟು ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಚೌಕ ಮಾಡಿ, ಕೆಳಸಾಲಿನಲ್ಲಿ ಎಡದಿಂದ 6, 7, 8, 1ನೇ ಪುಟಗಳನ್ನು ನೇರವಾಗಿಯೂ, ಮೇಲ್ಸಾಲಿನಲ್ಲಿ ಎಡದಿಂದ 5, 4, 3, 2ನೇ ಪುಟಗಳನ್ನು ತಲೆಕೆಳಗಾಗಿಯೂ ಇರಿಸಬೇಕು. ಮುದ್ರಿಸಿದ ಮೇಲೆ ಎಲ್ಲ ಗೆರೆಗಳಲ್ಲೂ ಮಡಚಿ ಬಿಚ್ಚಿ, ಎರಡು ಸಾಲುಗಳ ನಡುವಿನ ಗೆರೆಯನ್ನು ಮಧ್ಯದ ಎರಡು ಚೌಕಗಳಷ್ಟು ಉದ್ದಕ್ಕೆ ಮಾತ್ರ ಕತ್ತರಿಸಬೇಕು. ಆಮೇಲೆ ಮುದ್ರಣ ಹೊರಗೆ ಬರುವಂತೆ ಉದ್ದಕ್ಕೆ ಮಡಚಿ ಎರಡೂ ತುದಿಗಳನ್ನು ಒಳಕ್ಕೆ ಒತ್ತಿದರೆ ಸೀಳಿದ ಭಾಗ ಬಾಯಿ ತೆರೆದುಕೊಂಡು, ಪುಟಗಳು ತಾವಾಗಿಯೇ ಒಂದರ ಮೇಲೊಂದು ಕೂರುತ್ತವೆ. ಹೊಲಿಗೆಯಾಗಲಿ ಪಿನ್ನಾಗಲಿ ಬೇಡ, ಹಾಗಾಗಿ ಚಿಕ್ಕ ಮಕ್ಕಳ ಕೈಗೂ ನಿಶ್ಚಿಂತೆಯಿಂದ ಕೊಡಬಹುದು. ಅಜ್ಜಿಯ ಊರಿಗೆ ಹೋಗುವಾಗಿನ ಪುಸ್ತಕದಲ್ಲಿ ಕಿಟಕಿಯಿಂದ ಕಾಣುವ ಎಮ್ಮೆ, ಟ್ರ್ಯಾಕ್ಟರ್, ತೆಂಗಿನ ತೋಟ, ಸೇತುವೆ, ಗೋಪುರಗಳ ರೇಖಾಚಿತ್ರಗಳಿರುತ್ತವೆ. ಕಂಡದ್ದಕ್ಕೆಲ್ಲ ಮಗ ಬಣ್ಣ ಹಚ್ಚುತ್ತಾನೆ, ಮಗಳು ಕೆಳಗಿನ ಖಾಲಿ ಗೆರೆಯಲ್ಲಿ ಊರಿನ ಹೆಸರು ಬರೆಯುತ್ತಾಳೆ. ಕೊನೆಯ ಪುಟವನ್ನು ನಾನು ಪೂರ್ತಿ ಖಾಲಿ ಬಿಡುವುದು ಪಟ್ಟಿಯಲ್ಲಿ ಇಲ್ಲದ್ದು ಕಂಡರೆ ಅವರೇ ಬರೆಯಲಿ ಎಂದು.