ಅಂತಿಮ ಪಟ್ಟಿಯಲ್ಲಿ ಹೆಸರಿಲ್ಲದಾಗ: ಯುಪಿಎಸ್‌ಸಿ ಸಂದರ್ಶನಕ್ಕೆ ಮರುಸಿದ್ಧತೆ

ದೆಹಲಿಯಲ್ಲಿ ಕೇಂದ್ರ ಲೋಕಸೇವಾ ಆಯೋಗದ (ಯುಪಿಎಸ್‌ಸಿ) ಕಚೇರಿಯಿರುವ ಧೋಲ್‌ಪುರ ಹೌಸ್‌ನಲ್ಲಿ ಸಂದರ್ಶನ ಮುಗಿಸಿ ಬಂದು, ಕೊನೆಯ ಪಟ್ಟಿಯಲ್ಲಿ ಹೆಸರು ಕಾಣದ ಅಭ್ಯರ್ಥಿಗೆ ದುಃಖಿಸಲೂ ಹೆಚ್ಚು ಪುರಸೊತ್ತು ಸಿಗುವುದಿಲ್ಲ. 2024ರ ನಾಗರಿಕ ಸೇವಾ ಪರೀಕ್ಷೆಯ ಅಂತಿಮ ಫಲಿತಾಂಶ ಬಂದದ್ದು 2025ರ ಏಪ್ರಿಲ್ 22ರಂದು. ಮರುಪ್ರಯತ್ನಕ್ಕೆ ಮತ್ತೆ ಮೊದಲಿನಿಂದ ಬರೆಯಬೇಕಾದ ಪ್ರಿಲಿಮ್ಸ್ (ಪೂರ್ವಭಾವಿ ಪರೀಕ್ಷೆ) ನಡೆದದ್ದು ಮೇ 25ರಂದು. ಹೀಗಾಗಿ ಮೊದಲ ಮೂರು ನಾಲ್ಕು ದಿನ ಮಾತ್ರ ಪುಸ್ತಕ ಮುಟ್ಟದೆ ನಿದ್ದೆ ಮಾಡಿ, ಫೋನ್ ಮಾಡಿ ವಿಚಾರಿಸುವ ನೆಂಟರಿಗೆ ಉತ್ತರಿಸುವ ಕೆಲಸವನ್ನು ಮನೆಯಲ್ಲಿ ಯಾರಿಗಾದರೂ ಒಪ್ಪಿಸಿಬಿಡಿ.

ಫಲಿತಾಂಶದ ಕೆಲವು ದಿನಗಳ ನಂತರ ಆಯೋಗವು ಅಂಕಪಟ್ಟಿಯನ್ನು ಜಾಲತಾಣದಲ್ಲಿ ಒದಗಿಸುತ್ತದೆ. ಅದನ್ನು ನೋಡುವ ಮೊದಲೇ "ನನಗೆ ಮಾತನಾಡಲು ಬರುವುದಿಲ್ಲ" ಎಂದು ತೀರ್ಮಾನಿಸುವುದು ತಪ್ಪು. ಒಟ್ಟು 2025 ಅಂಕಗಳಲ್ಲಿ ಲಿಖಿತ ಪರೀಕ್ಷೆಗೆ 1750, ಸಂದರ್ಶನಕ್ಕೆ 275. ಸಂದರ್ಶನದಲ್ಲಿ ಇಷ್ಟು ಅಂಕ ಬರಲೇಬೇಕೆಂಬ ನಿಯಮವೂ ಇಲ್ಲ. ಸಂದರ್ಶನದಲ್ಲಿ 180 ಪಡೆದವರು ಪ್ರಬಂಧ ಪತ್ರಿಕೆಯಲ್ಲಿ ಹಿಂದೆ ಬಿದ್ದು ಪಟ್ಟಿಯಿಂದ ಹೊರಗುಳಿದಿರಬಹುದು. ಅಂಥವರು ಮಾತಿನ ತರಗತಿಗಳಿಗೆ ಹಣ ಸುರಿಯುವ ಬದಲು ವಾರಕ್ಕೊಂದು ಪ್ರಬಂಧ ಬರೆದು ಯಾರಿಗಾದರೂ ತೋರಿಸುವುದು ಲೇಸು.

ಸಂದರ್ಶನದ ಅಂಕವೇ ಕಡಿಮೆಯಾಗಿದ್ದರೆ, ಅಂದು ಕೇಳಿದ ಪ್ರಶ್ನೆಗಳನ್ನೂ ನೀವು ಕೊಟ್ಟ ಉತ್ತರಗಳನ್ನೂ ನೆನಪು ಮಾಸುವ ಮುನ್ನ ಬರೆದಿಟ್ಟುಕೊಳ್ಳಿ. ಬಹುಪಾಲು ಪ್ರಶ್ನೆಗಳು ನೀವೇ ತುಂಬಿದ ವಿವರವಾದ ಅರ್ಜಿಯ, ಅಂದರೆ ಡಿಎಎಫ್‌ನ ಯಾವುದೋ ಒಂದು ಸಾಲಿನಿಂದ ಹುಟ್ಟಿರುವುದು ಆಗ ಕಾಣುತ್ತದೆ. ಉದಾಹರಣೆಗೆ, ಸ್ವಂತ ಜಿಲ್ಲೆ ಕೋಲಾರ ಎಂದು ಬರೆದವರು ಚಿನ್ನದ ಗಣಿ 2001ರಲ್ಲಿ ಮುಚ್ಚಿತೆಂದಷ್ಟೇ ಹೇಳಿದರೆ ಸಾಲದು: ಗಣಿ ಏಕೆ ನಷ್ಟಕ್ಕೆ ಇಳಿಯಿತು, ಕಾರ್ಮಿಕರ ಕುಟುಂಬಗಳು ಮುಂದೇನು ಮಾಡಿದವು, ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೆರೆಗಳಿಗೆ ತುಂಬಿಸುವುದರಿಂದ ಆಗುವ ಲಾಭವೇನು, ರೈತರ ಆತಂಕವೇನು ಎಂಬಲ್ಲಿಗೆ ಮಾತು ಬೆಳೆಯುತ್ತದೆ. ಹವ್ಯಾಸ ಯಕ್ಷಗಾನ ಎಂದು ಬರೆದವರಿಗೆ ತೆಂಕು-ಬಡಗಿನ ವ್ಯತ್ಯಾಸವಾದರೂ ಗೊತ್ತಿರಬೇಕು. ಮರುಪ್ರಯತ್ನದಲ್ಲಿ ಈ ಅರ್ಜಿಯನ್ನು ಹೊಸದಾಗಿ ತುಂಬಬೇಕಾದ್ದರಿಂದ, ಅಂದಕ್ಕೆ ಸೇರಿಸಿದ ಹವ್ಯಾಸವನ್ನು ಈ ಬಾರಿ ಕೈಬಿಡಿ.

ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನಕ್ಕೂ ಕನ್ನಡವನ್ನೇ ಆಯ್ದುಕೊಳ್ಳಬಹುದು. ಆಗ ದುಭಾಷಿಯ ನೆರವು ಇರುತ್ತದೆಯಾದ್ದರಿಂದ ಒಂದು ವಾಕ್ಯದಲ್ಲಿ ಒಂದೇ ವಿಚಾರ ಹೇಳುವುದನ್ನು ರೂಢಿಸಿಕೊಳ್ಳಬೇಕು; ಉದ್ದನೆಯ ವಾಕ್ಯ ಅನುವಾದದಲ್ಲಿ ಅರ್ಧ ಸೋರಿಹೋಗುತ್ತದೆ. ಅಣಕು ಸಂದರ್ಶನ ಎರಡೋ ಮೂರೋ ಸಾಕು. ಹತ್ತಾರು ಕಡೆ ಕುಳಿತು ಬಂದವರ ಉತ್ತರದಲ್ಲಿ ಬಾಯಿಪಾಠದ ವಾಸನೆ ಬರುತ್ತದೆ, "ಕ್ಷಮಿಸಿ ಸರ್, ಗೊತ್ತಿಲ್ಲ" ಎಂಬ ಮಾತೂ ಅಭಿನಯದಂತೆ ಕೇಳಿಸುತ್ತದೆ.

ಇನ್ನು ಹೊಟ್ಟೆಪಾಡಿನ ವಿಚಾರ. ಸಂದರ್ಶನದವರೆಗೆ ಬಂದೂ ಆಯ್ಕೆಯಾಗದವರ ವಿವರಗಳನ್ನು, ಅವರ ಒಪ್ಪಿಗೆ ಇದ್ದರೆ, ಉದ್ಯೋಗದಾತರಿಗೆ ತಲುಪಿಸುವ ವ್ಯವಸ್ಥೆಯನ್ನು ಆಯೋಗ 2018ರಲ್ಲಿ ಆರಂಭಿಸಿತು. ಈಗ ಅದರ ಹೆಸರು ಪ್ರತಿಭಾ ಸೇತು. ಒಪ್ಪಿಗೆ ಕೇಳುವ ಜಾಗದಲ್ಲಿ, ಸೋತದ್ದು ನಾಲ್ಕು ಜನಕ್ಕೆ ತಿಳಿದೀತೆಂಬ ಸಂಕೋಚಕ್ಕೆ "ಬೇಡ" ಎಂದು ಗುರುತು ಹಾಕಬೇಡಿ.