ಅಮೆರಿಕದ ಕಾಲೇಜುಗಳ ಪ್ರವೇಶ ಪ್ರಮಾಣವನ್ನು ಓದುವ ಬಗೆ

ಅಮೆರಿಕದ ಹೆಸರಾಂತ ಕಾಲೇಜುಗಳಲ್ಲಿ ಪ್ರವೇಶ ಪ್ರಮಾಣ ಇಳಿಯುತ್ತಲೇ ಇದೆ ಎಂಬ ಸುದ್ದಿ ಕೇಳಿ ಎದೆಗುಂದುವ ಮೊದಲು, ಆ ಪ್ರಮಾಣವೂ ಶಾಲೆಯಲ್ಲಿ ಕಲಿತ ಭಿನ್ನರಾಶಿಯೇ ಎಂಬುದನ್ನು ನೆನಪಿಸಿಕೊಳ್ಳಬೇಕು. ಆಯ್ಕೆಯಾದವರ ಸಂಖ್ಯೆ ಅದರ ಅಂಶ, ಅರ್ಜಿ ಹಾಕಿದವರ ಸಂಖ್ಯೆ ಅದರ ಛೇದ. ಹಾರ್ವರ್ಡ್ 2020ರಲ್ಲಿ 40,248 ಅರ್ಜಿದಾರರಲ್ಲಿ 1,980 ಮಂದಿಯನ್ನು ಆರಿಸಿತ್ತು; ಮರುವರ್ಷ 57,435 ಅರ್ಜಿದಾರರಲ್ಲಿ 1,968 ಮಂದಿಯನ್ನು ಆರಿಸಿತು. ಕಡಿಮೆಯಾದದ್ದು ಬರೀ 12 ಮಂದಿ. ಪ್ರಮಾಣ ಮಾತ್ರ ಶೇ 4.9ರಿಂದ ಶೇ 3.4ಕ್ಕೆ ಕುಸಿಯಿತು.

ಛೇದ ಹೀಗೆ ಉಬ್ಬಲು ಕಾರಣಗಳು ಸ್ಪಷ್ಟವಾಗಿವೆ. 1975ರಲ್ಲಿ 15 ಕಾಲೇಜುಗಳು ಕೂಡಿ ಆರಂಭಿಸಿದ ಕಾಮನ್ ಅಪ್ಲಿಕೇಶನ್ ವ್ಯವಸ್ಥೆಯಲ್ಲಿ ಈಗ 1,000ಕ್ಕೂ ಹೆಚ್ಚು ಸಂಸ್ಥೆಗಳಿದ್ದು, ಒಬ್ಬ ವಿದ್ಯಾರ್ಥಿ ಅದರ ಮೂಲಕ 20 ಕಾಲೇಜುಗಳವರೆಗೆ ಅರ್ಜಿ ಕಳುಹಿಸಬಹುದು. ಅವನು 15 ಕಡೆ ಅರ್ಜಿ ಹಾಕಿದರೆ 15 ಛೇದಗಳಲ್ಲಿ ಎಣಿಕೆಯಾಗುತ್ತಾನೆ, ಸೇರುವುದು ಮಾತ್ರ ಒಂದೇ ಕಡೆ. ಕೋವಿಡ್ ಕಾಲದಲ್ಲಿ ಎಸ್‌ಎಟಿ, ಎಸಿಟಿ ಎಂಬ ಪ್ರವೇಶ ಪರೀಕ್ಷೆಗಳ ಅಂಕಗಳನ್ನು ಐಚ್ಛಿಕಗೊಳಿಸಿದ್ದರಿಂದ, ಮೊದಲು ಹಿಂಜರಿಯುತ್ತಿದ್ದವರೂ ಅರ್ಜಿ ಹಾಕತೊಡಗಿದರು.

ಆದ್ದರಿಂದ ಅರ್ಜಿ ಹಾಕಬೇಕಾದ ಕಾಲೇಜುಗಳ ಪಟ್ಟಿ ಮಾಡುವಾಗ ಸುದ್ದಿಯ ಶೀರ್ಷಿಕೆಯ ಅಂಕಿಯನ್ನು ಬದಿಗಿಟ್ಟು, ಪ್ರತಿ ಕಾಲೇಜಿನ ಕಾಮನ್ ಡೇಟಾ ಸೆಟ್ ಎಂಬ ಏಕರೂಪದ ಅಂಕಿ-ಅಂಶಗಳ ವರದಿಯನ್ನು ತೆರೆಯಿರಿ. ಬಹುತೇಕ ಕಾಲೇಜುಗಳು ಇದನ್ನು ಪ್ರತಿವರ್ಷ ತಮ್ಮ ಜಾಲತಾಣದಲ್ಲೇ ಪ್ರಕಟಿಸುತ್ತವೆ. ಅದರ ಸಿ-1 ಭಾಗದಲ್ಲಿ ಒಟ್ಟು ಅರ್ಜಿ, ಆಯ್ಕೆ ಮತ್ತು ಸೇರ್ಪಡೆಯ ಸಂಖ್ಯೆಗಳಿರುತ್ತವೆ. ಸಿ-21ರಲ್ಲಿ ಅರ್ಲಿ ಡಿಸಿಷನ್, ಅಂದರೆ ಮುಂಚಿತವಾಗಿ ಅರ್ಜಿ ಹಾಕುವ ಸುತ್ತಿನ, ಲೆಕ್ಕವಿರುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಕಳೆಯುವುದೇ ಇಲ್ಲಿನ ಮುಖ್ಯ ಕೆಲಸ. ಉದಾಹರಣೆಗೆ, ಒಂದು ಕಾಲೇಜಿಗೆ 10,000 ಅರ್ಜಿಗಳು ಬಂದು 1,000 ಮಂದಿ ಆಯ್ಕೆಯಾದರು ಎಂದುಕೊಳ್ಳಿ. ಈ ಒಟ್ಟು ಲೆಕ್ಕದಲ್ಲಿ ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕಿದವರು 1,000, ಆಯ್ಕೆಯಾದವರು 300 ಆಗಿದ್ದರೆ, ಸಾಮಾನ್ಯ ಸುತ್ತಿನಲ್ಲಿ ಉಳಿಯುವುದು 9,000 ಅರ್ಜಿಗಳಿಗೆ 700 ಆಯ್ಕೆ. ಹೊರಗೆ ಶೇ 10 ಎಂದು ಕಾಣುವ ಕಾಲೇಜು ಒಂದು ಸುತ್ತಿನಲ್ಲಿ ಶೇ 30, ಇನ್ನೊಂದರಲ್ಲಿ ಶೇ 8ಕ್ಕಿಂತ ಕಡಿಮೆ.

ಹಾಗೆಂದು ಆ ಶೇ 30 ಎಲ್ಲರ ಪಾಲಿಗೂ ಒಂದೇ ಅಲ್ಲ. ತರಬೇತುದಾರರು ಮೊದಲೇ ಗುರುತಿಸಿಟ್ಟ ಕ್ರೀಡಾಪಟುಗಳೂ, ಹಲವೆಡೆ ಹಳೆಯ ವಿದ್ಯಾರ್ಥಿಗಳ ಮಕ್ಕಳೂ ಅದರೊಳಗೆ ಸೇರಿರುತ್ತಾರೆ. ಅಲ್ಲದೆ ಅರ್ಲಿ ಡಿಸಿಷನ್ ಎಂಬುದು ಬದ್ಧತೆಯ ಒಪ್ಪಂದ: ಆಯ್ಕೆಯಾದರೆ ಇತರ ಅರ್ಜಿಗಳನ್ನು ಹಿಂತೆಗೆದುಕೊಳ್ಳಬೇಕು, ಬೇರೆ ಕಾಲೇಜು ಎಷ್ಟು ನೆರವು ಕೊಡುತ್ತಿತ್ತು ಎಂದು ಹೋಲಿಸಿ ನೋಡುವ ಅವಕಾಶ ಇರುವುದಿಲ್ಲ. ಹಣದ ಲೆಕ್ಕ ಮುಖ್ಯವಾಗಿರುವ ಮನೆಯವರು ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್‌ನಲ್ಲಿ ತಮ್ಮ ಪಾಲಿನ ವೆಚ್ಚವನ್ನು ಮೊದಲು ಅಂದಾಜು ಮಾಡಿಕೊಳ್ಳದೆ ಈ ಒಪ್ಪಂದಕ್ಕೆ ಸಹಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷೆಯ ನಿಯಮವನ್ನು ಪ್ರತಿ ಕಾಲೇಜಿನಲ್ಲೂ ನೀವು ಅರ್ಜಿ ಹಾಕುವ ವರ್ಷದ ಮಟ್ಟಿಗೆ ನೋಡಬೇಕು. ಎಂಐಟಿ 2022ರಲ್ಲಿ ಅಂಕಗಳನ್ನು ಮತ್ತೆ ಕಡ್ಡಾಯ ಮಾಡಿತು. ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಅದೇ ನಿರ್ಧಾರವನ್ನು ಪ್ರಕಟಿಸಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಾದರೋ 2021ರಲ್ಲಿ ಅಂಕಗಳನ್ನು ನೋಡುವುದನ್ನೇ ಕೈಬಿಟ್ಟಿತು. ಇನ್ನೂ ಐಚ್ಛಿಕವಾಗಿರುವ ಕಡೆ, ಸಿ-9 ಭಾಗದಲ್ಲಿ ಎಷ್ಟು ಮಂದಿ ಅಂಕ ಸಲ್ಲಿಸಿದ್ದಾರೆ ಎಂಬುದನ್ನು ಗಮನಿಸಿ. ಹೆಚ್ಚು ಅಂಕ ಬಂದವರೇ ಸಲ್ಲಿಸುವುದರಿಂದ ಅಲ್ಲಿ ಕಾಣುವ ಅಂಕಗಳು ಇಡೀ ತರಗತಿಯವಲ್ಲ.

ವಿಭಾಗದ ವ್ಯತ್ಯಾಸವನ್ನೂ ಮರೆಯಬಾರದು. ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರುವುದಕ್ಕಿಂತ ಅಲ್ಲಿನ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ಸೇರುವುದು ಬಹಳ ಕಷ್ಟ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸ್ಥಳೀಯರ ಮತ್ತು ಹೊರಗಿನವರ ಪ್ರಮಾಣ ಸಾಮಾನ್ಯವಾಗಿ ಬೇರೆ ಬೇರೆ ಇರುತ್ತದೆ.

ಇಷ್ಟಾದ ಮೇಲೆ ಪಟ್ಟಿಗೆ ಬನ್ನಿ. ಶೇ 10ಕ್ಕಿಂತ ಕಡಿಮೆ ಇರುವ ಕಾಲೇಜು ಎಷ್ಟೇ ಅಂಕಗಳಿದ್ದರೂ ಯಾರಿಗೂ ಖಚಿತವಲ್ಲ. ಅಂಥವು ಮೂರು ನಾಲ್ಕಿದ್ದರೆ ಸಾಕು. ಅರ್ಧಕ್ಕಿಂತ ಹೆಚ್ಚು ಅರ್ಜಿದಾರರನ್ನು ಸೇರಿಸಿಕೊಳ್ಳುವ ಕಾಲೇಜುಗಳೇ ಅಮೆರಿಕದಲ್ಲಿ ಬಹುಪಾಲು. ಅವುಗಳಲ್ಲಿ ಓದಲು ಮನಸ್ಸಿರುವ, ಶುಲ್ಕ ಭರಿಸಬಲ್ಲ ಎರಡನ್ನು ಮೊದಲು ಹುಡುಕಿ, ಉಳಿದದ್ದನ್ನು ಅದರ ಮೇಲೆ ಕಟ್ಟಿ. ವೇಟ್‌ಲಿಸ್ಟ್‌ನಲ್ಲಿ ಹೆಸರು ಬಂದರೆ ಸಿ-2 ಭಾಗದಲ್ಲಿ ಕಳೆದ ವರ್ಷಗಳಲ್ಲಿ ಎಷ್ಟು ಮಂದಿಗೆ ಅಲ್ಲಿಂದ ಸೀಟು ಸಿಕ್ಕಿತು ಎಂದು ನೋಡಿ, ಮತ್ತು ಸಾಮಾನ್ಯ ಗಡುವಾದ ಮೇ 1ರೊಳಗೆ ಬೇರೊಂದು ಕಾಲೇಜಿಗೆ ಮುಂಗಡ ಕಟ್ಟಿ ಸೀಟು ಉಳಿಸಿಕೊಳ್ಳಿ.