ಚೀಲ ತಂದವರಿಗೆ ಟೋಕನ್, ಟೋಕನ್‌ಗೆ ದಾನ: ಅಂಗಡಿಯಲ್ಲಿ ಇದನ್ನ ನಡೆಸೋದು ಹೇಗೆ?

ಮನೆಯಿಂದ ಚೀಲ ತಂದ ಗಿರಾಕಿಗೆ ಒಂದು ಟೋಕನ್ ಕೊಡೋದು, ಅವರು ಅದನ್ನ ತಮಗಿಷ್ಟವಾದ ಸೇವಾ ಸಂಸ್ಥೆಯ ಡಬ್ಬಿಗೆ ಹಾಕೋದು, ತಿಂಗಳ ಕೊನೆಗೆ ಎಣಿಸಿ ಅಂಗಡಿಯವರು ಅಷ್ಟಕ್ಕೆ ತಕ್ಕ ದುಡ್ಡು ಕೊಡೋದು. ಯೋಜನೆ ಇಷ್ಟೇ. ಆದ್ರೂ ಎಷ್ಟೋ ಕಡೆ ಜೋರಾಗಿ ಶುರುವಾಗಿ ಸ್ವಲ್ಪ ದಿನದಲ್ಲೇ ನಿಂತುಹೋಗೋದನ್ನ ನೋಡಿದೀನಿ, ಮತ್ತೆ ಕೆಡೋದು ಹೆಚ್ಚಾಗಿ ಬಿಲ್ಲಿಂಗ್ ಕೌಂಟರ್‌ನಲ್ಲೇ.

ಮೊದಲು ದುಡ್ಡಿನ ಲೆಕ್ಕ. ಒಂದು ಟೋಕನ್‌ಗೆ ಎಷ್ಟು, ತಿಂಗಳಿಗೆ ಹೆಚ್ಚಂದ್ರೆ ಎಷ್ಟು ಅಂತ ಬರೆದಿಟ್ಕೊಳ್ಳಿ. ಗಿರಾಕಿಗೆ ಚೀಲ ಕೊಡದೇ ಉಳಿಯೋ ದುಡ್ಡಿಗಿಂತ ಕಮ್ಮಿ ಇಡ್ಬೇಡಿ. ಇದು ಅಂಗಡಿಯ ದುಡ್ಡು, ಗಿರಾಕಿ ಬಿಲ್‌ಗೆ ಒಂದು ಪೈಸೆನೂ ಸೇರಿಸ್ಬಾರ್ದು.

ಸಂಸ್ಥೆಗಳು ಮೂರು ಸಾಕು, ಎಲ್ಲವೂ ಹತ್ತಿರದವೇ ಇರ್ಲಿ, ಯಾಕಂದ್ರೆ ತಾವು ಕಣ್ಣಾರೆ ನೋಡಿದ ಶಾಲೆಗೋ ವೃದ್ಧಾಶ್ರಮಕ್ಕೋ ಜನ ಮನಸಿಟ್ಟು ಟೋಕನ್ ಹಾಕ್ತಾರೆ. ನೋಂದಣಿ ಪತ್ರ ನೋಡಿ, ಬ್ಯಾಂಕ್ ಖಾತೆ ಸಂಸ್ಥೆ ಹೆಸರಲ್ಲೇ ಇದೆಯಾ ಅಂತ ನೋಡಿ. ಯಾರೋ ಒಬ್ಬರ ಸ್ವಂತ ಖಾತೆ ನಂಬರ್ ಕೊಟ್ರೆ ಬೇಡ ಅನ್ನಿ.

ಡಬ್ಬಿ ಒಳಗಿರೋದು ಹೊರಗೆ ಕಾಣ್ಬೇಕು, ಬೀಗ ಇರ್ಬೇಕು. ಟೋಕನ್ ಮರದ್ದೇ ಮಾಡಿಸಿ. ರೆಡಿಮೇಡ್ ಪ್ಲಾಸ್ಟಿಕ್ ಟೋಕನ್ ಸಿಗುತ್ತೆ, ತಗೋಬೇಡಿ, ಪ್ಲಾಸ್ಟಿಕ್ ಕಮ್ಮಿ ಮಾಡೋಕೆ ಹೊರಟು ಪ್ಲಾಸ್ಟಿಕ್ಕೇ ಹಂಚೋದು ಸರಿಯಲ್ಲ. ತೆಳು ಕಾಗದದ ಕೂಪನ್ನೂ ಬೇಡ, ಒಂದೇ ವಾರಕ್ಕೆ ಮುದುರಿ ಹರಿದುಹೋಗುತ್ತೆ.

ಈಗ ಕೌಂಟರ್ ವಿಷಯ, ಇದನ್ನ ನಿಧಾನವಾಗಿ ಓದಿ. ಕ್ಯಾಷಿಯರ್ ಮೊದಲನೇ ಸಾಮಾನು ಸ್ಕ್ಯಾನ್ ಮಾಡೋಕೆ ಮುಂಚೆನೇ ಬಾಯಿಬಿಟ್ಟು ಕೇಳ್ಬೇಕು, ಅದೂ "ಚೀಲ ಬೇಕಾ?" ಅಂತಲ್ಲ, "ಚೀಲ ತಂದಿದೀರಾ?" ಅಂತ. ಬೇಕಾ ಅಂದ್ರೆ ಅಭ್ಯಾಸಬಲದಿಂದ ಹೂಂ ಅಂದುಬಿಡ್ತಾರೆ, ತಂದಿದೀರಾ ಅಂದ್ರೆ ಗಾಡಿಯಲ್ಲಿ ಬಿಟ್ಟುಬಂದ ಚೀಲ ನೆನಪಾಗುತ್ತೆ. ನೆನಪಾದವರು ಹೋಗಿ ತರೋವರೆಗೂ ಕಾಯಿರಿ, ಮುಖ ಸಿಂಡರಿಸ್ಬೇಡಿ. (ನೆನಪಿಸೋ ಬೋರ್ಡನ್ನ ಕೌಂಟರ್ ಹತ್ರ ಹಾಕಿ ಪ್ರಯೋಜನ ಇಲ್ಲ, ಪಾರ್ಕಿಂಗ್ ಜಾಗದಲ್ಲಿ ಹಾಕಿ.) ಆಮೇಲೆ ಟೋಕನ್ನನ್ನ ಗಿರಾಕಿ ಕೈಗೇ ಕೊಡ್ಬೇಕು. "ನಾವೇ ಹಾಕ್ತೀವಿ ಬಿಡಿ" ಅನ್ನೋ ಕ್ಯಾಷಿಯರ್ ಇದ್ರೆ ಅಲ್ಲಿಗೆ ಯೋಜನೆ ಮುಗೀತು, ಯಾಕಂದ್ರೆ ಯಾರಿಗೆ ಕೊಡೋದು ಅಂತ ಡಬ್ಬಿ ಮುಂದೆ ನಿಂತು ಒಂದು ಕ್ಷಣ ಯೋಚಿಸ್ತಾರಲ್ಲ, ಮುಂದಿನ ಸಲ ಚೀಲ ತರಿಸೋದು ಅದೇ.

ಯಾವುದಕ್ಕೆ ಟೋಕನ್ ಅನ್ನೋದೂ ಮೊದಲೇ ತೀರ್ಮಾನ ಆಗಿರ್ಲಿ, ಇಲ್ಲಾಂದ್ರೆ ಕ್ಯೂನಲ್ಲೇ ವಾದ ಶುರುವಾಗುತ್ತೆ. ಸಾಮಾನು ತುಂಬಿದ ಪ್ರತಿ ಚೀಲಕ್ಕೂ ಒಂದು. ಮಡಚಿ ಜೇಬಲ್ಲಿಟ್ಟಿರೋದಕ್ಕೆ ಇಲ್ಲ. ಬೆನ್ನಿಗೆ ಹಾಕೋ ಬ್ಯಾಗು, ಹಳೇ ಪ್ಲಾಸ್ಟಿಕ್ ಕವರ್ರು ಎಲ್ಲಾ ನಡೆಯುತ್ತೆ, ಹಳೇ ಕವರ್ ಮತ್ತೆ ಬಳಸೋರಿಗಂತೂ ಖಂಡಿತ ಕೊಡಿ. ಬರೀ ಕೈಯಲ್ಲಿ ಹಿಡ್ಕೊಂಡು ಹೋಗೋರಿಗೂ ಕೊಡಿ. ಡಬ್ಬಿಗಳು ಹೊರಗೆ ಹೋಗೋ ದಾರಿಯಲ್ಲಿ, ಮಕ್ಕಳ ಕೈಗೂ ಎಟುಕೋ ಹಾಗೆ, ಕ್ಯಾಷಿಯರ್ ಕಣ್ಣಿಗೆ ಬೀಳೋ ಕಡೆ ಇರ್ಲಿ.

ಬಿಲ್ಲಿಂಗ್ ಮೆಷಿನ್‌ನಲ್ಲಿ 'ಸ್ವಂತ ಚೀಲ' ಅಂತ ಒಂದು ಬಟನ್ ಇಟ್ಟು ಟೋಕನ್ನೇ ಬಿಟ್ಟುಬಿಡೋ ಅಡ್ಡದಾರಿ ಇದೆ. ಬಟನ್ ಇಡಿ, ಲೆಕ್ಕ ತಾಳೆ ನೋಡೋಕೆ ಅನುಕೂಲ, ಆದ್ರೆ ಅದು ಟೋಕನ್ ಬದಲಿಗಲ್ಲ.

ಬಹುಮಾನ ಒಂದರಿಂದಲೇ ಎಲ್ಲರೂ ಚೀಲ ತರ್ತಾರೆ ಅಂತ ಮಾತ್ರ ಅಂದ್ಕೋಬೇಡಿ. ಅಮೆರಿಕಾದ ವಾಷಿಂಗ್ಟನ್ ಸುತ್ತಮುತ್ತ ನಡೆದ ಒಂದು ಅಧ್ಯಯನದಲ್ಲಿ, ಅಂಗಡಿ ಚೀಲಕ್ಕೆ 5 ಸೆಂಟ್ ತೆರಿಗೆ ಹಾಕಿದಾಗ ಅದರ ಬಳಕೆ ಚೆನ್ನಾಗಿ ಇಳೀತು, ಸ್ವಂತ ಚೀಲ ತಂದವರಿಗೆ ಅದೇ 5 ಸೆಂಟ್ ಬಹುಮಾನ ಕೊಟ್ಟಾಗ ಹೆಚ್ಚುಕಮ್ಮಿ ಏನೂ ಬದಲಾಗ್ಲಿಲ್ಲ. ಹಾಗಾಗಿ ಅಂಗಡಿ ಚೀಲಕ್ಕೆ ದುಡ್ಡು ತಗೊಳ್ಳಿ, ಜೊತೆಗೆ ಟೋಕನ್ನೂ ಕೊಡಿ, ಎರಡೂ ಒಟ್ಟಿಗೆ ಇರ್ಲಿ.

ಉದ್ಘಾಟನೆ ದಿನ ಫ್ರೀಯಾಗಿ ಬಟ್ಟೆ ಚೀಲ ಹಂಚೋ ಆಸೆನೂ ಬಿಡಿ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ವರದಿ ಪ್ರಕಾರ, ಒಂದೇ ಸಲ ಬಳಸಿ ಎಸೆಯೋ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದ್ರೆ, ಭೂಮಿ ಬಿಸಿಯಾಗೋ ಲೆಕ್ಕದಲ್ಲಿ ಹತ್ತಿ ಚೀಲ ಅದಕ್ಕೆ ಸರಿಸಮ ಆಗ್ಬೇಕಂದ್ರೆ 131 ಸಲ ಬಳಸ್ಬೇಕು. ಮನೆಯಲ್ಲಿರೋ ಚೀಲನೇ ಮತ್ತೆ ಮತ್ತೆ ಬರ್ಲಿ.

ತಿಂಗಳ ಕೊನೆಗೆ ಇಬ್ಬರು ಕೂತು ಎಣಿಸಿ, ಸಂಸ್ಥೆಯಿಂದ ಒಬ್ಬರು ಬಂದ್ರೆ ಇನ್ನೂ ಒಳ್ಳೇದು. ಒಂದು ವಾರದೊಳಗೆ ದುಡ್ಡು ಕಳಿಸಿ, ಎಷ್ಟು ಟೋಕನ್, ಎಷ್ಟು ದುಡ್ಡು, ಸಂಸ್ಥೆ ಕೊಟ್ಟ ರಸೀದಿ, ಮೂರನ್ನೂ ಡಬ್ಬಿ ಪಕ್ಕದಲ್ಲೇ ಅಂಟಿಸಿ. ಹೋದ ತಿಂಗಳ ಲೆಕ್ಕ ಕಾಣದಿದ್ರೆ ಜನ ಈ ತಿಂಗಳು ನಂಬಲ್ಲ. ಮೂರು ತಿಂಗಳಿಗೊಮ್ಮೆ ಸಂಸ್ಥೆಗಳನ್ನ ಬದಲಾಯಿಸುವಾಗ ಹಳೇ ಟೋಕನ್ ಪೂರ್ತಿ ಎಣಿಸಿ ಡಬ್ಬಿ ಖಾಲಿ ಮಾಡಿದ ಮೇಲೇ ಹೊಸ ಹೆಸರು ಅಂಟಿಸಿ, ಇಲ್ಲಾಂದ್ರೆ ಒಬ್ಬರಿಗೆ ಬಿದ್ದ ಟೋಕನ್ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತೆ.